ಗೋಡೆಯಿಂದ ಅಂಗಿಗೆ ಇಳಿದ ಗೆರೆ

ನ್ಯೂಯಾರ್ಕಿನ ಮ್ಯಾನ್‌ಹಟನ್ ಭಾಗದಲ್ಲಿ ಗ್ರೇಟ್ ಜೋನ್ಸ್ ಸ್ಟ್ರೀಟ್ ಎಂಬ ಚಿಕ್ಕದೊಂದು ಬೀದಿಯಿದೆ. ಅಲ್ಲಿನ 57ನೇ ನಂಬರಿನ ಹಳೆಯ ಕಟ್ಟಡದ ಮುಂಭಾಗವನ್ನು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಗೀಚು ಬರಹಗಳು. ಒಂದರ ಮೇಲೊಂದು ಸಹಿ, ಕಿರೀಟದ ಚಿತ್ರ, ಅಂಟಿಸಿದ ಕಾಗದ. ಈ ಕಟ್ಟಡ ಒಂದು ಕಾಲಕ್ಕೆ ಚಿತ್ರಕಾರ ಆಂಡಿ ವಾರ್‌ಹಾಲ್‌ನ ಸ್ವತ್ತಾಗಿತ್ತು. ಅದನ್ನು ಆತ 1983ರಲ್ಲಿ ಜೀನ್ ಮಿಷೆಲ್ ಬಾಸ್ಕಿಯಾ ಎಂಬ ಯುವ ಕಲಾವಿದನಿಗೆ ಬಾಡಿಗೆಗೆ ಕೊಟ್ಟ. ಬಾಸ್ಕಿಯಾ ಅಲ್ಲಿಯೇ ವಾಸಿಸಿದ, ಅಲ್ಲಿಯೇ ಚಿತ್ರ ಬರೆದ, 1988ರ ಆಗಸ್ಟ್ 12ರಂದು ತನ್ನ 27ನೇ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡ. 2023ರಲ್ಲಿ ಆ ಕಟ್ಟಡಕ್ಕೆ ಹೊಸ ಬಾಡಿಗೆದಾರರು ಬಂದರು. ಹಾಲಿವುಡ್ ನಟಿ ಆಂಜೆಲಿನಾ ಜೋಲಿ ಅಲ್ಲಿ ಉಡುಪು ತಯಾರಿಸುವ ಅಟೆಲಿಯೆ ಒಂದನ್ನು ತೆರೆದರು.

ಚಿತ್ರಕಾರನ ಮನೆ ದರ್ಜಿಯ ಮನೆಯಾದದ್ದು ಆಕಸ್ಮಿಕವೆಂದು ತಳ್ಳಿಹಾಕಬಹುದು. ಆದರೆ ಆ ನಗರದ ಕಳೆದ ಐವತ್ತು ವರ್ಷಗಳ ಇತಿಹಾಸವನ್ನು ಬಲ್ಲವರಿಗೆ ಇದು ಅಚ್ಚರಿಯಲ್ಲ. ಬೀದಿಯ ಗೋಡೆಯಲ್ಲಿ ಹುಟ್ಟಿದ ಗೆರೆಗಳು ಕಲಾವಿದರ ಸ್ಟುಡಿಯೊಗಳನ್ನು ಹಾದು ಅಂಗಿ, ಚೀಲ, ಬೂಟುಗಳ ಮೇಲೆ ಬಂದು ಕೂತ ಕಥೆ ಅದು. ಇಂದು ನಮ್ಮೂರಿನ ಕಾಲೇಜು ಹುಡುಗ ತೊಟ್ಟ ಟೀ ಶರ್ಟಿನ ಮೇಲೂ ಆ ಗೆರೆಗಳನ್ನು ಕಾಣಬಹುದು. ಅವನ್ನು ಮೊದಲು ಎಳೆದವರು ಯಾರು, ಅವುಗಳಿಂದ ಹಣ ಮಾಡಿದವರು ಯಾರು ಎಂಬ ಪ್ರಶ್ನೆ ಮಾತ್ರ ಇನ್ನೂ ಪೂರ್ತಿ ಬಗೆಹರಿದಿಲ್ಲ.

ರೈಲು ಡಬ್ಬಿಯೇ ಹಲಗೆ

1971ರ ಜುಲೈ ತಿಂಗಳಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ ಒಂದು ವಿಚಿತ್ರ ವರದಿಯನ್ನು ಪ್ರಕಟಿಸಿತು. ನಗರದ ಗೋಡೆ, ಕಂಬ, ರೈಲು ನಿಲ್ದಾಣಗಳಲ್ಲೆಲ್ಲ 'ಟಾಕಿ 183' ಎಂಬ ಬರಹ ಕಾಣಿಸುತ್ತಿದೆ, ಇದನ್ನು ಬರೆಯುತ್ತಿರುವವರು ಯಾರು ಎಂಬುದೇ ಅದರ ವಿಷಯ. ಬರೆಯುತ್ತಿದ್ದವನು ಗ್ರೀಕ್ ಮೂಲದ ಒಬ್ಬ ಹದಿಹರೆಯದ ಹುಡುಗ. ಟಾಕಿ ಎಂಬುದು ಅವನ ಮುದ್ದಿನ ಹೆಸರು, 183 ಎಂಬುದು ಅವನ ಬೀದಿಯ ಸಂಖ್ಯೆ. ಕಾಗದಪತ್ರಗಳನ್ನು ತಲುಪಿಸುವ ಕೆಲಸಕ್ಕಾಗಿ ಊರೆಲ್ಲ ಸುತ್ತುತ್ತಿದ್ದ ಅವನು ಹೋದಲ್ಲೆಲ್ಲ ಮಾರ್ಕರ್ ಪೆನ್ನಿನಿಂದ ಹೆಸರು ಬರೆದು ಬರುತ್ತಿದ್ದ. ವರದಿ ಬಂದ ಮೇಲೆ ಅವನನ್ನು ಅನುಸರಿಸುವವರು ಹೆಚ್ಚಿದರೇ ಹೊರತು ಕಡಿಮೆಯಾಗಲಿಲ್ಲ.

ಈ ಹುಡುಗರು ತಮ್ಮನ್ನು ಕಲಾವಿದರೆಂದು ಕರೆದುಕೊಳ್ಳಲಿಲ್ಲ, 'ರೈಟರ್' ಎಂದರೆ ಬರೆಯುವವರು ಎಂದುಕೊಂಡರು. ಬರೆದ ಸಹಿಗೆ ಅವರಿಟ್ಟ ಹೆಸರು 'ಟ್ಯಾಗ್'. ಗೋಡೆಯ ಮೇಲೆ ಬರೆದರೆ ಆ ಬೀದಿಯವರಷ್ಟೇ ಓದುತ್ತಾರೆ, ರೈಲಿನ ಮೇಲೆ ಬರೆದರೆ ಊರಿಗೆ ಊರೇ ಓದುತ್ತದೆ ಎಂಬುದು ಅವರಿಗೆ ಬೇಗನೆ ಹೊಳೆಯಿತು. ಬ್ರಾಂಕ್ಸ್‌ನಲ್ಲಿ ರಾತ್ರಿ ಬರೆದ ಹೆಸರು ಬೆಳಿಗ್ಗೆ ಬ್ರೂಕ್ಲಿನ್ ತಲುಪುತ್ತಿತ್ತು. ನಮ್ಮ ಲಾರಿ, ಆಟೋಗಳ ಹಿಂದೆ ಹೆಸರು ಬರೆಸುವವರ ಆಸೆಯೂ ಇದೇ ಅಲ್ಲವೆ? ವ್ಯತ್ಯಾಸವೆಂದರೆ ಅಲ್ಲಿ ವಾಹನ ಬರೆದವರದಾಗಿರಲಿಲ್ಲ.

ಮಾರ್ಕರ್ ಪೆನ್ನಿನ ಜಾಗಕ್ಕೆ ಸ್ಪ್ರೇ ಬಣ್ಣದ ಡಬ್ಬಿ ಬಂತು. ಅಕ್ಷರಗಳು ದಪ್ಪಗಾದವು, ಬಣ್ಣ ತುಂಬಿಕೊಂಡವು, ಒಂದಕ್ಕೊಂದು ಹೆಣೆದುಕೊಂಡು ತಿಳಿದವರಿಗೆ ಮಾತ್ರ ಓದಲು ಬರುವಂತಾದವು. ಯಾರ ಅಕ್ಷರದ ವರಸೆ ಹೆಚ್ಚು ಎಂಬ ಪೈಪೋಟಿ ಬೆಳೆಯಿತು. ಆ ವರಸೆಯನ್ನೇ ಅವರು 'ಸ್ಟೈಲ್' ಎಂದು ಕರೆದರು. 1970ರ ದಶಕದ ಉತ್ತರಾರ್ಧದಲ್ಲಿ ಲೀ ಕಿನೋನೆಸ್ ಎಂಬ ಹುಡುಗನೂ ಅವನ ಗೆಳೆಯರೂ ಸೇರಿ ಹತ್ತು ಡಬ್ಬಿಗಳ ಇಡೀ ರೈಲೊಂದಕ್ಕೆ ಚಿತ್ರ ಬರೆದರು. ಆಗ ನಗರದ ಆಡಳಿತ ಸಾಲದಲ್ಲಿ ಮುಳುಗಿತ್ತು. 1975ರಲ್ಲಿ ನ್ಯೂಯಾರ್ಕ್ ದಿವಾಳಿಯ ಅಂಚಿಗೆ ಬಂದು ನಿಂತಿತ್ತು. ರೈಲು ತೊಳೆಯಲು ಹಣವಿಲ್ಲ, ಯಾರ್ಡಿಗೆ ಕಾವಲಿಲ್ಲ. ಬಡ ಬಡಾವಣೆಗಳ ಮಕ್ಕಳಿಗೆ ಆ ಯಾರ್ಡುಗಳೇ ಚಿತ್ರಶಾಲೆಗಳಾದವು.

ಬಟ್ಟೆಯ ನಂಟೂ ಅಲ್ಲಿಂದಲೇ ಶುರುವಾಯಿತೆನ್ನಬೇಕು. ರೈಲಿಗೆ ಬರೆಯುತ್ತಿದ್ದವರು ತಮ್ಮ ಡೆನಿಮ್ ಜಾಕೆಟ್ಟುಗಳ ಬೆನ್ನಿಗೂ ಬರೆದುಕೊಳ್ಳುತ್ತಿದ್ದರು, ಗೆಳೆಯರಿಗೂ ಬರೆದು ಕೊಡುತ್ತಿದ್ದರು. ರೈಲನ್ನು ಯಾವತ್ತಾದರೂ ತೊಳೆಯಬಹುದು, ಜಾಕೆಟ್ಟು ಮಾತ್ರ ಮೈಮೇಲೆಯೇ ಇರುತ್ತದೆ.

ಬಾಗಿಲು ತೆರೆದ ಸ್ಟುಡಿಯೊಗಳು

ಈ ಹುಡುಗರನ್ನು ಚಿತ್ರಕಲೆಯ ಲೋಕಕ್ಕೆ ಪರಿಚಯಿಸಿದ್ದು ಕೆಲವೇ ಕೆಲವು ಕೋಣೆಗಳು. ಹೆನ್ರಿ ಶಾಲ್‌ಫಂಟ್ ಎಂಬ ಶಿಲ್ಪಿ ಓಡಾಡುವ ರೈಲುಗಳ ಚಿತ್ರಗಳನ್ನು ಕ್ಯಾಮೆರಾದಲ್ಲಿ ಸೆರೆಹಿಡಿಯುತ್ತಿದ್ದರು. ಸೋಹೊ ಬಡಾವಣೆಯಲ್ಲಿದ್ದ ಅವರ ಸ್ಟುಡಿಯೊಗೆ ಹುಡುಗರು ಬಂದು ತಮ್ಮ ಕೆಲಸದ ಫೋಟೊಗಳನ್ನು ನೋಡುತ್ತ ಕೂರುತ್ತಿದ್ದರು. ಹೊಸ ಚಿತ್ರ ಬರೆದ ಮೇಲೆ ಫೋನ್ ಮಾಡಿ ತಿಳಿಸುವುದೂ ರೂಢಿಯಾಯಿತು. ಛಾಯಾಗ್ರಾಹಕಿ ಮಾರ್ಥಾ ಕೂಪರ್ ಜತೆ ಸೇರಿ ಅವರು 1984ರಲ್ಲಿ ತಂದ 'ಸಬ್‌ವೇ ಆರ್ಟ್' ಎಂಬ ಪುಸ್ತಕ ಈ ಕಲೆಯನ್ನು ಲಂಡನ್, ಬರ್ಲಿನ್, ಪ್ಯಾರಿಸ್ ನಗರಗಳ ಹುಡುಗರಿಗೂ ತಲುಪಿಸಿತು.

ಇನ್ನೊಂದು ಜಾಗದ ಹೆಸರೇ 'ಫ್ಯಾಷನ್ ಮೋಡಾ'. ಹೆಸರು ಕೇಳಿ ಬಟ್ಟೆ ಅಂಗಡಿ ಎಂದುಕೊಂಡರೆ ತಪ್ಪಾದೀತು. ಸ್ಟೆಫಾನ್ ಐನ್ಸ್ ಎಂಬ ಕಲಾವಿದ 1978ರಲ್ಲಿ ದಕ್ಷಿಣ ಬ್ರಾಂಕ್ಸ್‌ನಲ್ಲಿ ತೆರೆದ ಕಲಾಕೇಂದ್ರ ಅದು. ಮನೆಗಳು ಸುಟ್ಟು, ಪಾಳುಬಿದ್ದು, ಪೇಟೆಯ ಶ್ರೀಮಂತರು ಕಾಲಿಡಲು ಅಂಜುತ್ತಿದ್ದ ಪ್ರದೇಶದಲ್ಲಿ ಇಂಥದೊಂದು ಕೇಂದ್ರ! 1980ರಲ್ಲಿ ಅಲ್ಲಿ ನಡೆದ ಗೋಡೆಬರಹದ ಪ್ರದರ್ಶನವನ್ನು ಸಂಯೋಜಿಸಿದವನು 'ಕ್ರ್ಯಾಶ್' ಎಂದು ರೈಲಿಗೆ ಬರೆಯುತ್ತಿದ್ದ ಯುವಕ. ಆ ದಿನಗಳ ಗಂಡುಹುಡುಗರ ಗುಂಪಿನಲ್ಲಿ ಹೆಸರು ಮಾಡಿದ ಹುಡುಗಿ ಈಕ್ವೆಡಾರ್‌ನಲ್ಲಿ ಹುಟ್ಟಿದ 'ಲೇಡಿ ಪಿಂಕ್'. 1983ರಲ್ಲಿ ಕಲಾವಿದೆ ಜೆನ್ನಿ ಹೋಲ್ಜರ್ ಅಧಿಕಾರದ ದುರ್ಬಳಕೆಯ ಬಗ್ಗೆ ಬರೆದ ಒಂದು ವಾಕ್ಯವನ್ನು ಹೊತ್ತ ಅಂಗಿಯನ್ನು ತೊಟ್ಟು ಟೈಮ್ಸ್ ಸ್ಕ್ವೇರ್‌ನಲ್ಲಿ ನಿಂತ ಆಕೆಯ ಫೋಟೊ ಇಂದಿಗೂ ಪ್ರಸಿದ್ಧ. ಗೋಡೆಯ ಮೇಲಿರಬೇಕಾದ ಮಾತನ್ನು ಅಂಗಿಯೂ ಹೇಳಬಲ್ಲದು ಎಂಬುದಕ್ಕೆ ಅದು ಒಳ್ಳೆಯ ಉದಾಹರಣೆ.

ಬಾಸ್ಕಿಯಾ ಕೂಡ ಇದೇ ಕಾಲದವನು. ತಂದೆ ಹೈಟಿಯವರು, ತಾಯಿಯ ಮೂಲ ಪೋರ್ಟೊರಿಕೊ. ಶಾಲೆಯ ಗೆಳೆಯ ಆಲ್ ಡಯಾಸ್ ಜತೆ ಸೇರಿ 'ಸೇಮೊ' ಎಂಬ ಹೆಸರಿನಲ್ಲಿ ಗೋಡೆಗಳ ಮೇಲೆ ಚುಟುಕು ಮಾತುಗಳನ್ನು ಬರೆದು ಮೊದಲು ಗಮನ ಸೆಳೆದ. ಹೊಟ್ಟೆಪಾಡಿಗೆ ಅವನು ಮಾಡಿದ ಕೆಲಸ ಕೈಯಿಂದ ಚಿತ್ರ ಬರೆದ ಪೋಸ್ಟ್‌ಕಾರ್ಡುಗಳನ್ನೂ ಬಟ್ಟೆಗಳನ್ನೂ ಮಾರುವುದು. ಪೆಟ್ರೀಶಿಯಾ ಫೀಲ್ಡ್ ಎಂಬಾಕೆಯ ಬಟ್ಟೆ ಅಂಗಡಿಯಲ್ಲಿ ಅವನು ಬಣ್ಣ ಬಳಿದ ಉಡುಪುಗಳು ಮಾರಾಟಕ್ಕಿದ್ದವು. ಅಂದರೆ ಬಾಸ್ಕಿಯಾನ ಕ್ಯಾನ್‌ವಾಸುಗಳಿಗೆ ಗಿರಾಕಿ ಹುಟ್ಟುವ ಮೊದಲೇ ಅವನ ಅಂಗಿಗಳಿಗೆ ಗಿರಾಕಿ ಇದ್ದರು. ಮುಂದೆ ಹಣ ಬಂದಾಗ ದುಬಾರಿ ಅರ್ಮಾನಿ ಸೂಟು ತೊಟ್ಟೇ ಚಿತ್ರ ಬರೆಯಲು ನಿಲ್ಲುತ್ತಿದ್ದ, ಸೂಟಿಗೆ ಬಣ್ಣ ಸಿಡಿದರೆ ಹಾಗೆಯೇ ಹೊರಗೆ ಹೋಗುತ್ತಿದ್ದ. ಜಪಾನಿನ 'ಕಾಮ್ ದೆ ಗಾರ್ಸಾನ್' ಸಂಸ್ಥೆಯ 1987ರ ವಸಂತಕಾಲದ ಉಡುಪುಗಳನ್ನು ತೊಟ್ಟು ಪ್ಯಾರಿಸ್ಸಿನ ವೇದಿಕೆಯಲ್ಲೂ ನಡೆದ.

ಲಫಾಯೆಟ್ ಬೀದಿಯ ಅಂಗಡಿ

ಗೋಡೆಯ ಗೆರೆಯನ್ನು ಅಂಗಿಗೆ ತರುವುದನ್ನು ಯೋಚನೆ ಮಾಡಿ, ಬಹಿರಂಗವಾಗಿ, ದೊಡ್ಡ ಪ್ರಮಾಣದಲ್ಲಿ ಮಾಡಿದವನು ಕೀತ್ ಹ್ಯಾರಿಂಗ್. 1958ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿ, 1978ರಲ್ಲಿ ಚಿತ್ರಕಲೆ ಓದಲು ನ್ಯೂಯಾರ್ಕಿಗೆ ಬಂದವನು. ಸುರಂಗ ರೈಲು ನಿಲ್ದಾಣಗಳಲ್ಲಿ ಜಾಹೀರಾತಿನ ಅವಧಿ ಮುಗಿದರೆ ಆ ಜಾಗಕ್ಕೆ ಕಪ್ಪು ಕಾಗದ ಅಂಟಿಸುತ್ತಿದ್ದರು. ಹ್ಯಾರಿಂಗ್‌ನ ಕಣ್ಣಿಗೆ ಅದು ಶಾಲೆಯ ಕರಿಹಲಗೆಯಂತೆ ಕಂಡಿರಬೇಕು. ಬಿಳಿ ಸೀಮೆಸುಣ್ಣ ಹಿಡಿದು 1980ರಿಂದ 1985ರವರೆಗೆ ಅವನು ಬರೆದ ಚಿತ್ರಗಳಿಗೆ ಲೆಕ್ಕವಿಲ್ಲ, ಕೆಲವೊಮ್ಮೆ ಒಂದೇ ದಿನದಲ್ಲಿ ನಲವತ್ತು! ಅಂಬೆಗಾಲಿಡುವ ಮಗು, ಬೊಗಳುವ ನಾಯಿ, ಕುಣಿಯುವ ಮನುಷ್ಯರು. ಹಲವು ಬಾರಿ ಪೊಲೀಸರ ಕೈಗೂ ಸಿಕ್ಕಿಬಿದ್ದ. ಅವನಿಗೆ ಆ ನಿಲ್ದಾಣಗಳು ಪ್ರಯೋಗಶಾಲೆಯಿದ್ದಂತೆ. ಯಾವ ಚಿತ್ರದ ಮುಂದೆ ಜನ ನಿಲ್ಲುತ್ತಾರೆ, ಯಾವುದನ್ನು ಕಂಡು ನಗುತ್ತಾರೆ ಎಂಬುದು ಅಲ್ಲೇ ತಿಳಿದುಬಿಡುತ್ತಿತ್ತು. ಹೆಸರು ಬಂದ ಮೇಲೆ ಜನ ಆ ಕಾಗದಗಳನ್ನು ಕಿತ್ತೊಯ್ದು ಮಾರತೊಡಗಿದರು. ಆಗ ಅವನು ಅಲ್ಲಿ ಬರೆಯುವುದನ್ನೇ ಬಿಟ್ಟ.

ಲಂಡನ್ನಿನ ವಸ್ತ್ರವಿನ್ಯಾಸಕಿ ವಿವಿಯನ್ ವೆಸ್ಟ್‌ವುಡ್ ಮತ್ತು ಮಾಲ್ಕಮ್ ಮೆಕ್‌ಲಾರನ್ 1983ರಲ್ಲಿ 'ವಿಚಸ್' ಎಂಬ ಉಡುಪಿನ ಸಂಗ್ರಹಕ್ಕೆ ಹ್ಯಾರಿಂಗ್‌ನ ಚಿತ್ರಗಳನ್ನು ಬಳಸಿದರು. ಬೀದಿಯ ಚಿತ್ರಕಾರ ಮತ್ತು ವಸ್ತ್ರವಿನ್ಯಾಸಕರ ಆರಂಭದ ಸಹಯೋಗಗಳಲ್ಲಿ ಇದೂ ಒಂದು. ಮೂರು ವರ್ಷಗಳ ನಂತರ, 1986ರ ಏಪ್ರಿಲ್‌ನಲ್ಲಿ ಹ್ಯಾರಿಂಗ್ ಸೋಹೊದ ಲಫಾಯೆಟ್ ಬೀದಿಯ 292ನೇ ನಂಬರಿನಲ್ಲಿ 'ಪಾಪ್ ಶಾಪ್' ಎಂಬ ಸ್ವಂತ ಅಂಗಡಿ ತೆರೆದ. ನೆಲ, ಗೋಡೆ, ಮಾಡು ಎಲ್ಲಕ್ಕೂ ತಾನೇ ಕಪ್ಪು ಬಿಳುಪಿನಲ್ಲಿ ಚಿತ್ರ ಬರೆದ. ಟೀ ಶರ್ಟು, ಪೋಸ್ಟರು, ಬಿಲ್ಲೆಗಳನ್ನು ಅಗ್ಗದ ಬೆಲೆಗೆ ಮಾರಿದ. ಕಲೆಯನ್ನು ಸಂತೆಗೆ ತಂದ ಎಂದು ವಿಮರ್ಶಕರು ಮೂಗು ಮುರಿದರು. ಸಂಗ್ರಾಹಕರು ಬಂದಂತೆ ಬ್ರಾಂಕ್ಸ್‌ನ ಮಕ್ಕಳೂ ತನ್ನ ಕಲೆಯ ಬಳಿ ಬರಬೇಕು ಎಂಬುದು ಅವನ ವಾದವಾಗಿತ್ತು. ಏಡ್ಸ್ ಕಾಯಿಲೆಯಿಂದ 1990ರ ಫೆಬ್ರುವರಿಯಲ್ಲಿ ಅವನು ತೀರಿಕೊಂಡಾಗ ವಯಸ್ಸು 31. ಅಂಗಡಿ 2005ರವರೆಗೆ ನಡೆಯಿತು.

ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಹ್ಯಾರಿಂಗ್‌ನ ಎಷ್ಟೋ ಕೃತಿಗಳಲ್ಲಿ ಚಿತ್ರಗಳ ನಡುವಿನ ಜಾಗವನ್ನು ತುಂಬಿರುವ ಬಳ್ಳಿಯಂಥ ಗೆರೆಗಳು ಅವನವಲ್ಲ. ಅವು ಏಂಜಲ್ ಓರ್ಟಿಸ್ ಎಂಬ ಹುಡುಗನವು. 'ಎಲ್ ಎ 2' ಎಂದು ಸಹಿ ಹಾಕುತ್ತಿದ್ದ ಅವನು ಹ್ಯಾರಿಂಗ್ ಜತೆ ಕೆಲಸ ಶುರುಮಾಡಿದ್ದು ಹದಿಹರೆಯದಲ್ಲಿ. ಹ್ಯಾರಿಂಗ್ ಅವನನ್ನು ಸಮಾನನೆಂದೇ ಕಂಡ. ಆದರೆ ಕಲಾ ಮಾರುಕಟ್ಟೆಗೆ ಒಂದು ಕೃತಿಗೆ ಒಂದೇ ಹೆಸರಿದ್ದರೆ ಅನುಕೂಲ. ಇಬ್ಬರೂ ಸೇರಿ ಮಾಡಿದ ಕೆಲಸದಲ್ಲೂ ಬಹುಕಾಲ ಒಂದೇ ಹೆಸರು ಮೆರೆಯಿತು. 'ಸಹಯೋಗ' ಎಂಬ ಮಾತು ಕೇಳಿದಾಗಲೆಲ್ಲ ಓರ್ಟಿಸ್‌ನನ್ನು ನೆನೆಯಬೇಕಾದದ್ದು ಈ ಕಾರಣಕ್ಕೆ.

ಹಾರ್ಲೆಮ್‌ನ ದರ್ಜಿ

ಇದೇ ಹೊತ್ತಿಗೆ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನಲ್ಲಿ ಇದಕ್ಕೆ ತಿರುವುಮುರುವಾದ ವ್ಯವಹಾರ ನಡೆದಿತ್ತು. 'ಡ್ಯಾಪರ್ ಡ್ಯಾನ್' ಎಂದು ಹೆಸರಾದ ಡೇನಿಯಲ್ ಡೇ 1982ರಲ್ಲಿ 125ನೇ ಬೀದಿಯಲ್ಲಿ ಅಂಗಡಿ ತೆರೆದ. ಹಗಲೂ ರಾತ್ರಿಯೂ ತೆರೆದಿರುತ್ತಿದ್ದ ಅಂಗಡಿ ಅದು. ಗುಚ್ಚಿ, ಲೂಯಿ ವಿಟಾನ್, ಫೆಂಡಿ ಮುಂತಾದ ಯೂರೋಪಿನ ಕಂಪೆನಿಗಳ ಲಾಂಛನಗಳನ್ನು ಚರ್ಮದ ಮೇಲೆ ತಾನೇ ಅಚ್ಚು ಹಾಕಿ, ಆ ಕಂಪೆನಿಗಳು ಕನಸಿನಲ್ಲೂ ಹೊಲಿಯದಿದ್ದ ಅಗಲ ತೋಳಿನ ಜಾಕೆಟ್ಟುಗಳನ್ನು ಹೊಲಿದ. ಕಾರಿನ ಸೀಟಿಗೂ ಅದೇ ಚರ್ಮ ಹೊದಿಸಿ ಕೊಟ್ಟ. ರ‍್ಯಾಪ್ ಗಾಯಕರು, ಬಾಕ್ಸಿಂಗ್ ಪಟುಗಳು, ಭೂಗತ ವ್ಯವಹಾರದವರು ಅವನ ಗಿರಾಕಿಗಳು.

1988ರ ಆಗಸ್ಟ್‌ನ ಒಂದು ರಾತ್ರಿ ಆ ಅಂಗಡಿಯ ಎದುರು ಮೈಕ್ ಟೈಸನ್ ಮತ್ತು ಇನ್ನೊಬ್ಬ ಬಾಕ್ಸರ್ ಮಿಚ್ ಗ್ರೀನ್ ಹೊಡೆದಾಡಿಕೊಂಡರು. ಸುದ್ದಿ ಎಲ್ಲ ಪತ್ರಿಕೆಗಳಲ್ಲಿ ಬಂತು. ಅದರೊಂದಿಗೆ ಅಂಗಡಿಯ ಸಂಗತಿಯೂ ಕಂಪೆನಿಗಳ ವಕೀಲರ ಕಿವಿಗೆ ಬಿತ್ತು. ದಾಳಿಗಳು ನಡೆದವು, ದಾವೆಗಳು ಬಂದವು. ಫೆಂಡಿ ಪರ ವಕೀಲರಲ್ಲಿ ಒಬ್ಬರಾಗಿದ್ದ ಸೋನಿಯಾ ಸೊಟೊಮೇಯರ್ ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. 1992ರಲ್ಲಿ ಅಂಗಡಿ ಮುಚ್ಚಿತು.

ಕಾನೂನಿನ ಕಣ್ಣಿಗೆ ಡ್ಯಾನ್ ಮಾಡಿದ್ದು ಸರಿಯಲ್ಲ ಎಂಬುದರಲ್ಲಿ ಅನುಮಾನವಿಲ್ಲ. ಇನ್ನೊಬ್ಬರ ಟ್ರೇಡ್‌ಮಾರ್ಕನ್ನು ಕೇಳದೆ ಬಳಸಿದ್ದ. ಆದರೆ 2017ರಲ್ಲಿ ಗುಚ್ಚಿ ಕಂಪೆನಿ ಫ್ಲಾರೆನ್ಸ್ ನಗರದಲ್ಲಿ ಪ್ರದರ್ಶಿಸಿದ ಜಾಕೆಟ್ಟೊಂದು, ಡ್ಯಾನ್ 1980ರ ದಶಕದಲ್ಲಿ ಓಟಗಾರ್ತಿ ಡಯಾನ್ ಡಿಕ್ಸನ್‌ಗೆ ಹೊಲಿದುಕೊಟ್ಟಿದ್ದ ಜಾಕೆಟ್ಟನ್ನೇ ಹೋಲುತ್ತಿತ್ತು. ಹಿಂದೆ ಕದ್ದವನು ಎನ್ನಿಸಿಕೊಂಡವನ ಕೆಲಸವನ್ನು ಈಗ ಕಂಪೆನಿಯೇ ಎತ್ತಿಕೊಂಡಿತೆ ಎಂದು ಜನ ಕೇಳಿದರು. ಅದು ಡ್ಯಾನ್‌ಗೆ ಸಲ್ಲಿಸಿದ ಗೌರವ ಎಂದಿತು ಕಂಪೆನಿ. ಗದ್ದಲದ ಫಲವಾಗಿ 2018ರಲ್ಲಿ ಡ್ಯಾನ್ ಮತ್ತು ಗುಚ್ಚಿ ಜತೆಗೂಡಿ ಹಾರ್ಲೆಮ್‌ನಲ್ಲೇ ಹೊಸ ಅಟೆಲಿಯೆ ತೆರೆದರು. ಈ ಬಾರಿ ಲಾಂಛನ ಮುದ್ರಿಸಿದ ಚರ್ಮ ಕಂಪೆನಿಯಿಂದಲೇ ಬಂತು. ಆಗ ಡ್ಯಾನ್‌ಗೆ ವಯಸ್ಸು ಎಪ್ಪತ್ತು ದಾಟಿತ್ತು.

ಲಾಂಛನದ ಮೇಲೆ ಗೀಚು

ನ್ಯೂಯಾರ್ಕಿನ ರೈಲುಗಳು 1989ರ ಮೇ 12ರ ಹೊತ್ತಿಗೆ ಸ್ವಚ್ಛವಾದವು. ಚಿತ್ರ ಬರೆದಿದ್ದ ಕೊನೆಯ ಡಬ್ಬಿಯನ್ನು ಅಂದು ಓಡಾಟದಿಂದ ತೆಗೆದರು. ಬರೆಯುವವರು ಬಟ್ಟೆಯತ್ತ ಮತ್ತಷ್ಟು ತಿರುಗಿದರು. ಕ್ವೀನ್ಸ್ ಭಾಗದಲ್ಲಿ 'ಶರ್ಟ್ ಕಿಂಗ್ಸ್' ಎಂಬ ಗೆಳೆಯರ ಗುಂಪು 1980ರ ದಶಕದಲ್ಲೇ ಏರ್‌ಬ್ರಷ್‌ನಿಂದ ಅಂಗಿಗಳ ಮೇಲೆ ಚಿತ್ರ ಬರೆದು ಮಾರುತ್ತಿತ್ತು. ಟೋಕಿಯೊದ ಹರಾಜುಕು ಬಡಾವಣೆಯಲ್ಲಿ 1993ರಲ್ಲಿ ನೀಗೊ ಎಂಬಾತ 'ಎ ಬೇದಿಂಗ್ ಏಪ್' ಎಂಬ ಉಡುಪಿನ ಸಂಸ್ಥೆ ಆರಂಭಿಸಿದ. ಮರುವರ್ಷ ಹ್ಯಾರಿಂಗ್‌ನ ಅಂಗಡಿ ಇದ್ದ ಅದೇ ಲಫಾಯೆಟ್ ಬೀದಿಯಲ್ಲಿ ಸ್ಕೇಟ್‌ಬೋರ್ಡ್ ಹುಡುಗರಿಗಾಗಿ 'ಸುಪ್ರೀಮ್' ಅಂಗಡಿ ಬಾಗಿಲು ತೆರೆಯಿತು. ಕಲಾವಿದರಿಂದ ಚಿತ್ರ ಬರೆಸಿ, ಕಡಿಮೆ ಸಂಖ್ಯೆಯಲ್ಲಿ ಮಾಡಿ, ಮುಗಿದರೆ ಮತ್ತೆ ಮಾಡದೆ ಇರುವುದು ಇವರ ಕ್ರಮ. ವಸ್ತು ಅಪರೂಪವಾದಷ್ಟೂ ಅಂಗಡಿಯ ಮುಂದೆ ಸಾಲು ಬೆಳೆಯಿತು.

ದೊಡ್ಡ ಕಂಪೆನಿಗಳು ಇದನ್ನು ಗಮನಿಸದೆ ಇರಲಿಲ್ಲ. ಫ್ರಾನ್ಸಿನ ಲೂಯಿ ವಿಟಾನ್ 1854ರಲ್ಲಿ ಆರಂಭವಾದ ಕಂಪೆನಿ. ಅದರ ಪ್ರಸಿದ್ಧ ಲಾಂಛನದ ವಿನ್ಯಾಸ 1896ರಲ್ಲಿ ಹುಟ್ಟಿದ್ದೇ ನಕಲು ಮಾಡುವವರನ್ನು ತಡೆಯುವ ಉದ್ದೇಶದಿಂದ. ಅಂಥ ಲಾಂಛನದ ಮೇಲೆ ಗೋಡೆಬರಹದ ಅಕ್ಷರಗಳಲ್ಲಿ ಕಂಪೆನಿಯ ಹೆಸರನ್ನೇ ಗೀಚಲು 2001ರಲ್ಲಿ ಸ್ಟೀಫನ್ ಸ್ಪ್ರೌಸ್ ಎಂಬ ನ್ಯೂಯಾರ್ಕಿನ ವಿನ್ಯಾಸಕನಿಗೆ ಅವಕಾಶ ಸಿಕ್ಕಿತು. ಚೀಲಗಳು ಬಿಸಿಬಿಸಿಯಾಗಿ ಮಾರಾಟವಾದವು. 2003ರಲ್ಲಿ ಜಪಾನಿನ ಚಿತ್ರಕಾರ ತಕಾಶಿ ಮುರಕಾಮಿಯ ಬಣ್ಣಬಣ್ಣದ ಚೀಲಗಳು ಬಂದವು. ಇದೇ ಕಂಪೆನಿ 2000ದಲ್ಲಿ ತನ್ನ ಲಾಂಛನವನ್ನು ಅಣಕಿಸಿದ್ದಕ್ಕೆ ಸುಪ್ರೀಮ್‌ಗೆ ವಕೀಲರ ನೋಟಿಸು ಕಳಿಸಿತ್ತು. 2017ರಲ್ಲಿ ಅದೇ ಸುಪ್ರೀಮ್ ಜತೆ ಕೂಡಿ ಉಡುಪುಗಳನ್ನು ಹೊರತಂದಿತು. ಬೀದಿ ಫ್ಯಾಷನ್ನಿನಿಂದಲೇ ಬಂದ ಕಪ್ಪು ವಿನ್ಯಾಸಕ ವರ್ಜಿಲ್ ಆಬ್ಲೊ 2018ರಲ್ಲಿ ಆ ಕಂಪೆನಿಯ ಪುರುಷರ ಉಡುಪಿನ ವಿಭಾಗಕ್ಕೆ ಮುಖ್ಯಸ್ಥನಾದ, 2021ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿದ್ದ.

ಗೋಡೆ ಯಾರದು, ಚಿತ್ರ ಯಾರದು?

ಕೇಳಿ ಬಳಸಿದರೆ ಸಹಯೋಗ, ಕೇಳದೆ ಬಳಸಿದರೆ ಮೊಕದ್ದಮೆ. ಡೆಟ್ರಾಯಿಟ್ ನಗರದಲ್ಲಿ 'ರೈಮ್' ಎಂಬ ಕಲಾವಿದ 2012ರಲ್ಲಿ ಬರೆದ ಗೋಡೆಚಿತ್ರವೊಂದು ಇಟಲಿಯ ಮೊಸ್ಕಿನೊ ಕಂಪೆನಿಯ ಗೌನಿನ ಮೇಲೆ ಕಾಣಿಸಿಕೊಂಡಿತು. 2015ರಲ್ಲಿ ಗಾಯಕಿ ಕೇಟಿ ಪೆರಿ ಅದನ್ನು ತೊಟ್ಟು ದೊಡ್ಡ ಸಮಾರಂಭಕ್ಕೆ ಬಂದಳು. ಕಲಾವಿದ ದಾವೆ ಹೂಡಿದ, ಮರುವರ್ಷ ರಾಜಿಯಾಯಿತು.

2018ರ ಪ್ರಕರಣ ಇನ್ನೂ ಕುತೂಹಲದ್ದು. ಬ್ರೂಕ್ಲಿನ್‌ನ ಆಟದ ಮೈದಾನವೊಂದರ ಗೋಡೆಗೆ 'ರೆವೊಕ್' ಎಂಬಾತ ಬರೆದ ಚಿತ್ರ ಎಚ್ ಅಂಡ್ ಎಂ ಕಂಪೆನಿಯ ಜಾಹೀರಾತಿನಲ್ಲಿ ಕಂಡಿತು. ಆತ ಆಕ್ಷೇಪಿಸಿದಾಗ ಕಂಪೆನಿಯೇ ಕೋರ್ಟಿಗೆ ಹೋಗಿ, ಅನುಮತಿಯಿಲ್ಲದೆ ಬರೆದ ಚಿತ್ರಕ್ಕೆ ಕೃತಿಸ್ವಾಮ್ಯದ ರಕ್ಷಣೆ ಇಲ್ಲವೆಂದು ಘೋಷಿಸಲು ಕೇಳಿತು. ಕಲಾವಿದರು ಸಿಟ್ಟಿಗೆದ್ದರು, ಗಿರಾಕಿಗಳು ಬಹಿಷ್ಕಾರದ ಮಾತಾಡಿದರು. ಕಂಪೆನಿ ದಾವೆಯನ್ನು ಹಿಂತೆಗೆದುಕೊಂಡಿತು. ಹೀಗಾಗಿ ಆ ಪ್ರಶ್ನೆಗೆ ನ್ಯಾಯಾಲಯ ಉತ್ತರ ಕೊಡುವ ಸಂದರ್ಭವೇ ಒದಗಲಿಲ್ಲ.

ಗೋಡೆಯ ಒಡೆತನ ಬೇರೆ, ಚಿತ್ರದ ಒಡೆತನ ಬೇರೆ. ಮನೆಯ ಗೋಡೆ ನನ್ನದಾದರೂ ಅದರ ಮೇಲಿನ ಚಿತ್ರವನ್ನು ಅಂಗಿಗೆ ಅಚ್ಚು ಹಾಕಿ ಮಾರುವ ಹಕ್ಕು ಬರೆದವನದು ಎಂಬುದೇ ಕೃತಿಸ್ವಾಮ್ಯದ ತಿರುಳು. ಕ್ವೀನ್ಸ್‌ನ 'ಫೈವ್ ಪಾಯಿಂಟ್ಸ್' ಎಂಬ ಹಳೆಯ ಕಾರ್ಖಾನೆಯ ಪ್ರಕರಣ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮಾಲೀಕರ ಒಪ್ಪಿಗೆಯಿಂದಲೇ ಅಲ್ಲಿ ವರ್ಷಗಟ್ಟಲೆ ಚಿತ್ರ ಬರೆದಿದ್ದರು. ಅಪಾರ್ಟ್‌ಮೆಂಟ್ ಕಟ್ಟಲು ನಿರ್ಧರಿಸಿದ ಮಾಲೀಕರು 2013ರ ನವೆಂಬರ್‌ನಲ್ಲಿ ರಾತ್ರೋರಾತ್ರಿ ಗೋಡೆಗೆ ಬಿಳಿ ಬಣ್ಣ ಬಳಿಸಿದರು. 1990ರ ಕಾಯಿದೆಯೊಂದರ ಪ್ರಕಾರ ನೋಟಿಸು ಕೊಡದೆ ಕೃತಿಗಳನ್ನು ನಾಶ ಮಾಡುವಂತಿರಲಿಲ್ಲ. 45 ಕೃತಿಗಳಿಗೆ ತಲಾ ಒಂದೂವರೆ ಲಕ್ಷ ಡಾಲರಿನಂತೆ 21 ಕಲಾವಿದರಿಗೆ 67.5 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು 2018ರಲ್ಲಿ ತೀರ್ಪಾಯಿತು. 2020ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಗೋಡೆ ಮಾತ್ರ ಉಳಿಯಲಿಲ್ಲ.

ಬಾಸ್ಕಿಯಾ 1982ರಲ್ಲಿ ಬರೆದ ತಲೆಬುರುಡೆಯ ಚಿತ್ರ 2017ರ ಹರಾಜಿನಲ್ಲಿ 11 ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು. ಕೊಂಡವರು ಜಪಾನಿನ ಯೂಸಾಕು ಮಯೆಜಾವ, ಇಂಟರ್‌ನೆಟ್ಟಿನಲ್ಲಿ ಬಟ್ಟೆ ಮಾರಿ ಶ್ರೀಮಂತರಾದವರು. ಹೊಟ್ಟೆಪಾಡಿಗೆ ಅಂಗಿ ಮಾರಿದವನ ಚಿತ್ರವನ್ನು ಅಂಗಿ ಮಾರಿದ ಹಣವೇ ಕೊಂಡುಕೊಂಡಿತು. ಬಾಸ್ಕಿಯಾ, ಹ್ಯಾರಿಂಗ್ ಇಬ್ಬರ ಚಿತ್ರಗಳನ್ನೂ ಹೊತ್ತ ಟೀ ಶರ್ಟುಗಳು ಜಗತ್ತಿನಾದ್ಯಂತ ಮಾರಾಟಕ್ಕಿವೆ. ಅವುಗಳಲ್ಲಿ ಅನುಮತಿ ಪಡೆದವೂ ಉಂಟು, ಪಡೆಯದವೂ ಉಂಟು.

ಟಾಕಿ ಎಂಬ ಹುಡುಗ ಊರೆಲ್ಲ ಹೆಸರು ಬರೆದದ್ದು ಹಣಕ್ಕಾಗಿ ಅಲ್ಲ. ತಾನು ಇಲ್ಲಿದ್ದೇನೆ ಎಂದು ನಾಲ್ಕು ಜನ ಓದಲಿ ಎಂಬುದಷ್ಟೇ ಅವನ ಆಸೆ. ಅವನ ಕಾಲದಲ್ಲಿ 'ಟ್ಯಾಗ್' ಎಂದರೆ ಬರೆದವನ ಸಹಿ. ಅಂಗಡಿಯಲ್ಲಿ ಟ್ಯಾಗ್ ಎಂದರೆ ಅಂಗಿಯ ಕತ್ತಿಗೆ ತೂಗುಹಾಕಿದ ಬೆಲೆಚೀಟಿ. ಮುಂದಿನ ಸಲ ಚಿತ್ರವಿರುವ ಅಂಗಿ ಕೊಳ್ಳುವಾಗ ಆ ಚೀಟಿಯನ್ನು ತಿರುಗಿಸಿ ನೋಡಬಹುದು. ಬೆಲೆ ಇದ್ದೇ ಇರುತ್ತದೆ. ಬರೆದವರ ಹೆಸರೂ ಇದೆಯೇ ಎಂಬುದು ನೋಡಬೇಕಾದ ಸಂಗತಿ.